ಶಿಡ್ಲಘಟ್ಟ, ಸ್ಲಾಟ್ ನಾಲ್ಕು

ಗೂಡಿನ ಮಾರುಕಟ್ಟೆಯ ಕಂಪ್ಯೂಟರ್ ಕೋಣೆ. ಬೆಳಗಿನ ಆರು.
ಹರಾಜಿಗೆ ಇನ್ನು ಮೂರೇ ಗಂಟೆ,
ವರ್ಚುವಲ್ ಯಂತ್ರ ಏಳಲೊಲ್ಲದು.
ಹಳೆಯದರ ನಕಲು ತೆಗೆದವಳು ನಾನೇ:
ಡಿಸ್ಕಿಗೂ ನಾಲ್ಕು, ನೆಟ್‌ವರ್ಕ್ ಕಾರ್ಡಿಗೂ ನಾಲ್ಕು.
'ಈ ವಿಳಾಸದಲ್ಲಿ ಆಗಲೇ ಇದ್ದಾರೆ' ಎನ್ನುತ್ತದೆ ಪರದೆ,
ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟವರ ಗತ್ತಿನಲ್ಲಿ.

ಜಾಲರಿ ತೊಳೆಯುತ್ತಿದ್ದ ಪಿಳ್ಳಪ್ಪ ಇಣುಕಿದ:
"ಏನಮ್ಮ ನೂರ್‌ಫಾತಿಮಾ,
ಒಂದೇ ಲಾಟ್ ನಂಬರು ಇಬ್ಬರಿಗೆ ಕೊಟ್ಟೆಯಾ?"

ಹೌದು, ಅಷ್ಟೇ.
ಗೂಡು ತೂಗಿದರೆ ಹಗುರ,
ಜಗಳ ತೂಗುವ ತಕ್ಕಡಿ ಇಲ್ಲಿಲ್ಲ.

ಲಾಟ್ ಚೀಟಿಯ ಬೆನ್ನ ಮೇಲೆ ಪೆನ್ನಿನಲ್ಲೇ ಬರೆದುಕೊಂಡೆ,
ಯಾರು ಎಲ್ಲಿ ಎಂದು, ಒಬ್ಬೊಬ್ಬರನ್ನೂ ಕೂಗಿ.
ಕಾರ್ಡನ್ನು ಆರಕ್ಕೆ ಕಳಿಸಿದೆ.
ಯಂತ್ರ ಎದ್ದು ಕೂತಿತು.

ಐದನ್ನು ಖಾಲಿ ಬಿಟ್ಟಿದ್ದೇನೆ.
ಯಾರಾದರೂ ಬಂದಾರು.