ಹಲಸೂರಿನ ಮೇಲೊಂದು ಮೋಡ

ಲಕೋಟೆ ಬಿಚ್ಚಿದರೆ ಇನ್ನೂ ಮೇಣದ ವಾಸನೆ.
ಬೆಳಕಿನ ಮೇಜಿನ ಮೇಲೆ ನೆಗೆಟಿವ್ ಹಾಸಿದೆ:
ಸೋಮೇಶ್ವರನ ಗೋಪುರ,
ಬಿಸಿಲು ಬಿದ್ದ ಕಲ್ಲೆಲ್ಲ ಕಾಡಿಗೆ,
ಮಂಟಪದೊಳಗಿನ ಕತ್ತಲು ಮಾತ್ರ
ಹಾಲು ಚೆಲ್ಲಿದ ಹಾಗೆ.

ಹಿಂಬದಿಗೆ ಪೆನ್ಸಿಲ್ಲು, ದೊರೆಯ ಓರೆ ಅಕ್ಷರ:
ಹಲಸೂರು. ಬೆಳಗ್ಗೆ. ಹದಿನಾಲ್ಕು ನಿಮಿಷ.
ಹದಿನಾಲ್ಕು ನಿಮಿಷ ಕಲ್ಲು ಅಲುಗಲಿಲ್ಲ, ಸರಿ.
ತೆಂಗಿನ ಗರಿಗೆ ಅಷ್ಟು ಶಿಸ್ತೆಲ್ಲಿ,
ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಮಸುಕು.

ಅಚ್ಚು ತೆಗೆದಾಗ ಗೋಪುರದ ಎಡಕ್ಕೆ
ಒಂದು ಬಿಳಿ ಮೋಡ, ದೋಣಿಯಾಕಾರ.
ಬಂದವರೆಲ್ಲ ಅದನ್ನೇ ಹೊಗಳಿದರು.
ಆ ಕಾಲದ ಕಾಗದಕ್ಕೆ ಮೋಡ ಕಾಣುತ್ತಿರಲಿಲ್ಲ,
ನೀಲಿಯೂ ಬಿಳಿಯೂ ಅದಕ್ಕೆ ಒಂದೇ
ಎಂದು ಯಾರಿಗೂ ಹೇಳಲಿಲ್ಲ ನಾನು.
ರಾತ್ರಿ ಭೂತಗನ್ನಡಿ ಹಿಡಿದೆ:
ಕಂದು ಅಂಚು, ಚೂಪು ಮೂತಿ.
ಸುಟ್ಟ ಗುರುತು.

ದೊರೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು.
ಮೇಣ, ಆರಾಣೆ. ಇದ್ದಿಲು, ಅರ್ಧಾಣೆ.
ಮಡಿವಾಳನಿಗೆ, ಎರಡಾಣೆ.
ಚಿತ್ರ ಮೂಡಿದ ಮೇಲೆ ಮೇಣ ಸವರಿ
ಬಿಸಿ ಪೆಟ್ಟಿಗೆಯಲ್ಲಿ ಕಾಗದಕ್ಕೆ ಕುಡಿಸಬೇಕು.
ಕಾವು ಕಡಿಮೆಯಾದರೆ ಗಂಟು, ಹೆಚ್ಚಾದರೆ ಮುಗಿಯಿತು.
ಪಲ್ಟನ್ನಿನ ಅಂಗಿಗಳ ಕಾಲರು ಬಲ್ಲ ಕೈಗಲ್ಲದೆ
ಇನ್ನಾರಿಗೆ ಗೊತ್ತು ಅದು?

ಪ್ರಿಂಟು ಹಿಡಿದು ಹೋದೆ, ಗುಡಿಯ ಹಿಂದಿನ ಬೀದಿಗೆ.
ಹೊಂಗೆ ಮರದಡಿ ಮುನಿಚೌಡಪ್ಪನ ಇಸ್ತ್ರಿ ಗಾಡಿ.
ಗೋಪುರವನ್ನು ಅವನು ನೋಡಲೇ ಇಲ್ಲ,
ದಿನಾ ನೋಡುವುದೇ.
ಬೆರಳು ನೇರ ಮೋಡಕ್ಕೆ ಹೋಯಿತು.

“ಹೊಸಬನಲ್ಲ ಕಣಮ್ಮ.
ಹೊಸಬ ಆಗಿದ್ರೆ ನಡುಮಧ್ಯ ಸುಡ್ತಿದ್ದ.
ಇವ್ನು ಮುಗಿಸ್ಕೊಂಡು ಬಂದವ್ನೆ. ಮೂಲೆ ಹತ್ರ
ಯಾರೋ ಕರೆದವ್ರೆ. ಓ ಅಂದವ್ನೆ.
ಅಷ್ಟೇಯ.
ಎಡಗೈಯೋನು, ಮೂತಿ ನೋಡಿ.”

ಇದು ಅಚ್ಚು, ಮೂಲದಲ್ಲಿ ಎಲ್ಲ ಅದಲುಬದಲು ಅಂದೆ.
“ಹಂಗಾದ್ರೆ ಬಲಗೈಯೋನು,” ನಕ್ಕ.
ಮಾತಿನುದ್ದಕ್ಕೂ ಅವನ ಪೆಟ್ಟಿಗೆ
ಹೆಂಚಿನ ಚೂರಿನ ಮೇಲೆ ಕೂತಿತ್ತು,
ಯಾರದೋ ನೀಲಿ ಅಂಗಿಯಿಂದ ಗೇಣು ದೂರ.

ಯಾರು ಕರೆದದ್ದು?
ಗಂಜಿ ಆರುತ್ತದೆ ಅಂತಲೋ,
ಕತ್ತೆ ಹಗ್ಗ ಬಿಚ್ಚಿಕೊಂಡಿತು ಅಂತಲೋ.
ಗೋಪುರ ಮೂಡಲು ಹದಿನಾಲ್ಕು ನಿಮಿಷ ಬೇಕಾಯಿತು.
ಆ ಒಂದು ಓ
ಎಷ್ಟು ಹೊತ್ತಿನದು?

ಸಂಜೆ ಆಫೀಸಿನಲ್ಲಿ ಪಟ್ಟಿ ತುಂಬಿದೆ.
ತೆಗೆದವರು: ಒಬ್ಬ ಕ್ಯಾಪ್ಟನ್, ಸಹಿ ಅಸ್ಪಷ್ಟ.
ಸ್ಥಳ. ಅಳತೆ. ಕಾಗದದ ಜಾತಿ.
ಸ್ಥಿತಿ ಎಂಬ ಕಾಲಮ್ಮಿನಲ್ಲಿ
ಜೊತೆಯವಳು ಮೊದಲೇ ಬರೆದಿದ್ದಳು:
ಮೇಲ್ಗಡೆ ಒಂದು ಕಲೆ.

ತಿದ್ದಲು ಪೆನ್ನು ತೆಗೆದೆ.
ಹಾಗೇ ಬಿಟ್ಟೆ.