ಕೊಂಬೂ ಅಲ್ಲ, ಪೈಪೂ ಅಲ್ಲ

ಫಹಾಹೀಲಿನ ನಮ್ಮ ಜೆರಾಕ್ಸ್ ಅಂಗಡಿಗೆ
ಬರುವುದೆಲ್ಲ ಪೈಪುಗಳೇ:
ಹನ್ನೆರಡಿಂಚು, ಇಪ್ಪತ್ನಾಲ್ಕಿಂಚು,
ಬಾಗಿದ್ದು, ಕವಲೊಡೆದದ್ದು.
ಹಾಗಾಗಿ ಕೈಬರಹದ ಆ ಪುಸ್ತಕದ ಮೇಲೆ
ಹಾರ್ನ್‌ಪೈಪ್ ಎಂಬುದನ್ನು ಓದಿ
ಮಯ್ಯದ್ದಿ ರಶೀದಿಯಲ್ಲಿ ಬರೆದ:
ಪೈಪ್ ಡ್ರಾಯಿಂಗ್, ಹಳೆಯದು, ತೊಂಬತ್ತಾರು ಪುಟ.

ತಂದವರು ಗಿಲ್ಕ್ರಿಸ್ಟ್. ರಿಫೈನರಿಯ ಕೆಲಸ ಮುಗಿಸಿ
ಗುರುವಾರ ಸ್ಕಾಟ್ಲೆಂಡಿಗೆ ಹೊರಟವರು.
ನಗಲಿಲ್ಲ. ಕೌಂಟರಿನ ಮೇಲೆ ಬೆರಳಲ್ಲಿ
ಟಕ ಟಕ, ಟಕ್ಕಟ ಟಕ್,
ಇದು ಕುಣಿತ, ಪಿಟೀಲಿಗೆ, ಅಂದರು.
ನನ್ನಜ್ಜನ ಅಜ್ಜ, ಇನ್ನೊಬ್ಬರ ಹೊಲ ಉಳುತ್ತಿದ್ದವನು,
ರಾತ್ರಿ ಕುದುರೆಲಾಯದಲ್ಲಿ ಕೂತು ಬರೆದದ್ದು.
ಗಾಜಿಗೆ ಒತ್ತಬೇಡ, ಬೆನ್ನು ಮುರಿದೀತು.

ಹೊರಗೆ ಧೂಳು. ಇಲ್ಲಿಯವರು ತೋಜ್ ಅನ್ನುವುದು.
ಮಗ್ರಿಬಿನ ಬಾಂಗು ಕೂಡ ಕಂಬಳಿಯೊಳಗಿಂದ ಬಂದ ಹಾಗೆ.
ಶಟರ್ ಅರ್ಧ ಎಳೆದು ಒಂದೊಂದೇ ಹಾಳೆ ಮಗುಚಿದೆ.
ಐದು ಪೈಪು ಅಕ್ಕಪಕ್ಕ,
ಅಳತೆಯಿಲ್ಲ, ಹರಿವಿನ ಬಾಣವಿಲ್ಲ,
ಕಪ್ಪು ಕವಾಟಗಳು ಮಾತ್ರ ಎಲ್ಲೆಂದರಲ್ಲಿ.
ಒಂದು ಪುಟಕ್ಕೆ ಮೇಣ ಬಿದ್ದಿದೆ.
ಒಂದರ ಹಿಂದೆ ಓಟ್ಸಿನ ಲೆಕ್ಕ, ಕೂಡಿದ್ದು ತಪ್ಪು.
ಇನ್ನೊಂದರ ಅಂಚಿನಲ್ಲಿ:
ಕುರುಡ ಡೇವಿಯಿಂದ ಕಲಿತದ್ದು.
ಅವನು ನುಡಿಸುವುದು ಬೇರೆ ಥರ. ಅದೂ ಸರಿ.

ನಮ್ಮಪ್ಪ ವಾಲಗದವನು.
ಒಂದು ರಾಗವೂ ಕಾಗದಕ್ಕೆ ಇಳಿಯಲಿಲ್ಲ,
ಉಸಿರಲ್ಲಿತ್ತು, ಉಸಿರಿನ ಜೊತೆ ಹೋಯಿತು.
ಅದಕ್ಕೇ ಇರಬೇಕು, ಮಸುಕಾಗಿ ಬಂದ ಒಂದು ಕಾಪಿಯನ್ನು
ಕಸಕ್ಕೆ ಹಾಕದೆ ಮಡಚಿ ಜೇಬಿಗಿಟ್ಟೆ.

ಶುಕ್ರವಾರ, ಅಬು ಹಲೀಫಾದ ರೂಮು.
ಸಿಪ್ರಿಯನ್, ಹಗಲು ಎಸಿ ರಿಪೇರಿ, ಭಾನುವಾರ ಇಗರ್ಜಿಯ ಪಿಟೀಲು,
ಅದನ್ನು ಮೊದಲು ಪೂಜೆಯ ಪದದ ಹಾಗೆ ಎಳೆದ.
ಆಮೇಲೆ ಎಲ್ಲೋ ಏನೋ ಹೊಳೆದು ಕಮಾನು ಕುಪ್ಪಳಿಸಿತು.
ಮೇಲು ಮಂಚದ ಏಣಿ ಗಡಗಡ.
ಸಂಗೀತ ತನಗಾಗದು ಅನ್ನುವ ಮಯ್ಯದ್ದಿ
ಮೀನು ಹೆಚ್ಚುತ್ತಾ ಬೆನ್ನು ತಿರುಗಿಸಿಯೇ ಇದ್ದ.
ಎಡಗಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮೂರನೇ ಸಾಲಿನಲ್ಲಿ ಸಿಪ್ರಿಯನ್ ಎಡವಿದ.
ಮತ್ತೆ ಬಂದ, ಮತ್ತೆ ಅಲ್ಲೇ.
ಬಿಲ್ಲು ಎತ್ತಿ ನಕ್ಕ:
ಮುದುಕ ಇಲ್ಲೊಂದು ಚೇಷ್ಟೆ ಮಾಡಿದ್ದಾನೆ ಮಾರಾಯಾ,
ಯಾರೂ ಇಡದ ಜಾಗದಲ್ಲಿ ಒಂದು ಸ್ವರ.

ಶನಿವಾರ ಅಂಗಡಿಯಲ್ಲಿ,
ಇಪ್ಪತ್ನಾಲ್ಕಿಂಚಿನ ಕೊಳವೆಯ ನಡುವೆ,
ಕವಾಟವಿಲ್ಲದ ಕಡೆ, ಅದೇ ಅಳತೆಯಲ್ಲಿ
ಅದೇ ಚುಕ್ಕಿ.

ಬಟ್ಟೆ ಒದ್ದೆ ಮಾಡಿ ಗಾಜು ಒರೆಸಿದೆ.
ತೊಂಬತ್ತಾರು ಪುಟ, ಸುರುಳಿ ಬೈಂಡಿಂಗಿನಲ್ಲಿ,
ಆಗಲೇ ವಿಮಾನ ಹತ್ತಿಯಾಗಿತ್ತು.
ಸಿಪ್ರಿಯನ್‌ಗೆ ಹೇಳಬೇಕೆಂದೇ ಮೆಟ್ಟಿಲು ಹತ್ತಿದೆ.
ಬಾಗಿಲಾಚೆ ಅವನು ಮೂರನೇ ಸಾಲಿಗೆ ಬಂದಿದ್ದ,
ಎಡವದೆ,
ಆ ಧೂಳನ್ನು ತುಸು ಜೋರಾಗಿಯೇ ನುಡಿಸಿ
ಮುಂದೆ ಹೋದ.