ಹೋಲಿಸಿ ನೋಡಲಾಗಿದೆ

ಜಿಲ್ಲಾ ಪಂಚಾಯ್ತಿ ಸಭಾಂಗಣ, ದಾವಣಗೆರೆ.
ಬೆಣ್ಣೆದೋಸೆಯ ಎರಡನೇ ಸುತ್ತು ಮುಗಿಸಿ
ಅಧೀನ ಶಾಸನ ಸಮಿತಿ ಹನ್ನೊಂದೂಮುಕ್ಕಾಲಿಗೆ ಕೂತಿತು.
ಎಡತುದಿಯ ಕುರ್ಚಿ, ಎರಡು ಪೆನ್ಸಿಲು, ನಾನು:
ಆಡಿದ್ದನ್ನೆಲ್ಲ ಗೆರೆ ಮಾಡುವವನು.
ಶೀಘ್ರಲಿಪಿಯಲ್ಲಿ ಮಂತ್ರಿಯೂ ಒಂದು ಕೊಕ್ಕೆ,
ಮಂಡಕ್ಕಿಯೂ ಒಂದು ಕೊಕ್ಕೆ.

ಇಪ್ಪತ್ತಾರು ವರ್ಷದ ನೌಕರಿ ಕಲಿಸಿದ್ದು ಒಂದೇ ಪದ:
ತಕ್ಕದ್ದು.
ಇರತಕ್ಕದ್ದು, ಸಲ್ಲಿಸತಕ್ಕದ್ದು, ತೆರತಕ್ಕದ್ದು.
ಸದನ ಕೈಯೆತ್ತಿ ಒಪ್ಪಿದ ಕಾಯ್ದೆ ಹದಿನೇಳು ಪುಟ;
ಕೊನೆಯ ಕಲಮಿನಲ್ಲಿ ಒಂದು ಸಣ್ಣ ಕಿಂಡಿ:
ಸರ್ಕಾರವು ನಿಯಮಗಳನ್ನು ರಚಿಸಬಹುದು.
ಆ ಕಿಂಡಿಯಿಂದ ತೂರಿ ಬಂದವು ಇನ್ನೂರ ಎಂಟು ಪುಟ.
ಮೂವತ್ತು ದಿನ ಸದನದ ಮೇಜಿನ ಮೇಲೆ ಇರತಕ್ಕದ್ದು.
ಇದ್ದವು.
ಧೂಳು ಕೂಡ ಕೂರಲಿಲ್ಲ, ನಾನೇ ನೋಡಿದ್ದೇನೆ,
ಯಾಕೆಂದರೆ ಅವುಗಳ ಮೇಲೆ
ಇನ್ನೊಂದು ಇಲಾಖೆಯ ನಿಯಮ ಕೂತಿತ್ತು.

ನಾಲ್ಕನೇ ಸಾಕ್ಷಿ ಖೈರುನ್ನೀಸಾ, ಮಂಡಕ್ಕಿ ಭಟ್ಟಿಯವಳು.
ಮೈಕನ್ನು ಒಮ್ಮೆ ಊದಿದಳು, ಒಲೆ ಊದಿದ ಹಾಗೆ.
ಅಧಿಕಾರಿ ಓದಿದರು: ನಿಯಮ ಒಂಬತ್ತು, ಉಪನಿಯಮ ಮೂರು,
ಪ್ರತಿ ಭಟ್ಟಿಯ ಚಿಮಣಿಯು ನೆಲಮಟ್ಟದಿಂದ
ಮೂವತ್ತು ಮೀಟರ್ ಎತ್ತರವಿರತಕ್ಕದ್ದು.
ಅವಳು ಚಾವಣಿ ನೋಡಿದಳು. ಫ್ಯಾನು ತಿರುಗುತ್ತಿತ್ತು.

"ನಮ್ಮ ಭಟ್ಟಿ ಗ್ವಾಡಿ ಏಳಡಿ ಐತ್ರಿ ಸಾಹೇಬ್ರ.
ಅದರ ಮ್ಯಾಲೆ ನೂರಡಿ ಹ್ಯಾಂಗ ನಿಲ್ಲಸ್ಲಿ?
ಹತ್ತಿ ಗಿರಣಿ ಇದ್ದಾಗ ಅದರ ಚಿಮಣಿ ನೋಡಿ
ನಮ್ಮಪ್ಪ ಹೊತ್ತು ಹೇಳತಿದ್ದ.
ಈಗ ನಂದ್ ನೋಡಿ ಊರು ಹೊತ್ತು ಹೇಳಬೇಕೇನ್ರಿ?
ಹೊಗಿ ಬ್ಯಾಡ ಅಂದ್ರು, ಟೈರು ಸುಡೋದು ಬಿಟ್ಟೆ, ಹೊಟ್ಟು ಹಾಕ್ತೀನಿ.
ಮೊಮ್ಮಗಳಿಗೆ ಕೆಮ್ಮು ಐತಿ, ನನಗೂ ತಿಳೀತೈತಿ.
ಆದ್ರ ಉಸುಕು ಕಾದೈತೋ ಇಲ್ಲೋ ಅಂತ
ಮೊದಲು ಒಂದು ಚಿಟಿಕಿ ಅಕ್ಕಿ ಒಗದು ನೋಡ್ತೀವ್ರಿ ನಾವು.
ಅರಳಿದ್ರ ಮುಂದಿನ ಸೇರು.
ಈ ಕಾಗದ ನೀವು ಎಲ್ಲಿ ಒಗದು ನೋಡಿದ್ರಿ?"

ಅಧ್ಯಕ್ಷರು ಕನ್ನಡಕ ತೆಗೆದರು.
ಜಗಳೂರು ಕಡೆಯ ಸದಸ್ಯರು ಫೋನು ಮಗುಚಿಟ್ಟರು.
ಮೂಲ ತರಿಸಿ ಎಂದರು, ತರಿಸಿದರು.
ಇಂಗ್ಲಿಷ್ ಕರಡಿನಲ್ಲಿ ಅಡಿ ಎಂದಿತ್ತು,
ರಾಜ್ಯಪತ್ರದ ಕನ್ನಡದಲ್ಲಿ ಮೀಟರು.
ನಡುವೆ ಯಾವುದೋ ಊಟದ ನಂತರದ ಮಧ್ಯಾಹ್ನ
ಅಡಿ ಬೆಳೆದು ಮೀಟರಾಗಿತ್ತು.
ಅದರ ನೆರಳಿನಲ್ಲಿ ಹನ್ನೊಂದು ಭಟ್ಟಿಗೆ ಬೀಗ,
ಖೈರುನ್ನೀಸಾಳಿಗೆ ಹದಿನೆಂಟು ಸಾವಿರ ದಂಡ, ರಶೀದಿ ಸಮೇತ.

"ಯಾರು ಹೋಲಿಸಿದ್ದು?"
ಇಲಾಖೆ ಮುದ್ರಣಾಲಯವನ್ನು ನೋಡಿತು,
ಮುದ್ರಣಾಲಯ ಭಾಷಾಂತರವನ್ನು,
ಭಾಷಾಂತರ ಕಡತವನ್ನು.
ಕಡತದ ಕೊನೆ ಹಾಳೆಯಲ್ಲಿ ಮೊಹರು: ಹೋಲಿಸಿ ನೋಡಲಾಗಿದೆ.
ಕೆಳಗೊಂದು ಗಿಡ್ಡ ಸಹಿ, ಬಾಲ ಎಡಕ್ಕೆ ತಿರುಗಿದ್ದು.
ಆ ವರ್ಷ ಶಾಖೆಯಲ್ಲಿ ಜನ ಸಾಲದೆ
ಆರು ತಿಂಗಳು ನನ್ನನ್ನು ಅಲ್ಲಿ ಕೂರಿಸಿದ್ದರು.
ನೋಡಲಾಗಿದೆ. ಎಂಥ ಅನುಕೂಲದ ಕ್ರಿಯಾಪದ,
ಕಣ್ಣಿದೆ, ಮುಖವಿಲ್ಲ.

ಪೆನ್ಸಿಲು ನಿಲ್ಲಲಿಲ್ಲ, ಕೈಗೆ ಅಭ್ಯಾಸ.
ನಡಾವಳಿಯ ನಲವತ್ತೆರಡನೇ ಪುಟದಲ್ಲಿ ಹೀಗಿದೆ:
ಅಧ್ಯಕ್ಷರು: ಯಾರು ಹೋಲಿಸಿದ್ದು?
(ಉತ್ತರವಿಲ್ಲ.)

ತಿದ್ದುಪಡಿಗೆ ಶಿಫಾರಸು ಆಯಿತು.
ಆ ಶಿಫಾರಸನ್ನೂ ಮೇಜಿನ ಮೇಲೆ ಇಡತಕ್ಕದ್ದು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು.
ಭಟ್ಟಿಗಳ ಬೀದಿಗೆ ನಡೆದೆ, ಏನು ಹೇಳಲೆಂದು ಗೊತ್ತಿಲ್ಲದೆ.
ಅರಗು ಮೆತ್ತಿದ ಬೀಗದ ಕೆಳಗೆ, ಹೊಸ್ತಿಲ ಹೊರಗೆ,
ಅವಳು ಉಸುಕು ಜರಡಿ ಹಿಡಿಯುತ್ತಿದ್ದಳು.
"ತಗದ ದಿನಕ್ಕ ಬೇಕಲ್ರಿ."
ಆಮೇಲೆ ಗುರುತು ಹಿಡಿದು,
"ನೀವು ಬರಕೊಳ್ಳೋರಲ್ಲ? ಎಲ್ಲಾ ಬರದ್ರಿ, ಹೌದಿಲ್ಲೊ?"

ಎಲ್ಲಾ, ಎಂದೆ.

ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಅವಳು
ಒಂದೊಂದೇ ಎತ್ತಿ, ಬೆಳಕಿಗೆ ಹಿಡಿದು ನೋಡಿ,
ಆಚೆ ಒಗೆಯುತ್ತಿದ್ದಳು.